ಇಂಧನ ಕೋಶಗಳಲ್ಲಿ ಪ್ಲಾಟಿನಂ ಮಿಶ್ರಲೋಹ ವೇಗವರ್ಧಕಗಳು

ಪ್ಲಾಟಿನಂ ಮಿಶ್ರಲೋಹ ವೇಗವರ್ಧಕಗಳು ಎಂದರೆ ಪ್ಲಾಟಿನಂಗೆ ಕೋಬಾಲ್ಟ್, ನಿಕಲ್ ಮುಂತಾದ, ಹೋಲಿಕೆಯಲ್ಲಿ ಅಗ್ಗವಾದ ಲೋಹಗಳನ್ನು ಬೆರೆಸಿ ತಯಾರಿಸಲಾಗುವ ವೇಗವರ್ಧಕಗಳು. ಇವು ಮುಖ್ಯವಾಗಿ ಪ್ರೋಟಾನ್ ವಿನಿಮಯ ಪೊರೆಯ ಇಂಧನ ಕೋಶಗಳ ಕ್ಯಾಥೋಡ್‌ನಲ್ಲಿ ಬಳಕೆಯಾಗುತ್ತವೆ. ಜಲಜನಕ ಮತ್ತು ಆಮ್ಲಜನಕಗಳನ್ನು ಸಂಯೋಗಗೊಳಿಸಿ ವಿದ್ಯುತ್ ಉತ್ಪಾದಿಸುವ ಈ ಕೋಶಗಳಲ್ಲಿ ಪ್ಲಾಟಿನಂ ಅತ್ಯಂತ ದುಬಾರಿ ಘಟಕಗಳಲ್ಲಿ ಒಂದು. ಗಣಿಗಳಿಂದ ದೊರೆಯುವ ಪ್ಲಾಟಿನಂನ ಹೆಚ್ಚಿನ ಪಾಲು ದಕ್ಷಿಣ ಆಫ್ರಿಕಾ ಒಂದರಿಂದಲೇ ಬರುತ್ತದೆ. ಆದ್ದರಿಂದ ಅಷ್ಟೇ ವಿದ್ಯುತ್ತನ್ನು ಕಡಿಮೆ ಪ್ಲಾಟಿನಂನಿಂದ ಪಡೆಯುವುದು ಈ ಕ್ಷೇತ್ರದ ಸಂಶೋಧನೆಯ ಪ್ರಧಾನ ಗುರಿಯಾಗಿದೆ.

ಪ್ಲಾಟಿನಂ ಏಕೆ ಬೇಕು

ಕೋಶದ ಆನೋಡ್‌ನಲ್ಲಿ ಜಲಜನಕವು ಉತ್ಕರ್ಷಣಗೊಂಡು ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳಾಗಿ ಬೇರ್ಪಡುತ್ತದೆ. ಈ ಕ್ರಿಯೆ ಬಹಳ ವೇಗವಾದುದು; ಪ್ರತಿ ಚದರ ಸೆಂಟಿಮೀಟರ್‌ಗೆ 0.05 ಮಿಲಿಗ್ರಾಂ ಅಥವಾ ಅದಕ್ಕಿಂತಲೂ ಕಡಿಮೆ ಪ್ಲಾಟಿನಂ ಇದಕ್ಕೆ ಸಾಕು. ತೊಂದರೆ ಇರುವುದು ಕ್ಯಾಥೋಡ್‌ನಲ್ಲಿ. ಅಲ್ಲಿ ಒಂದು ಆಮ್ಲಜನಕದ ಅಣು ನಾಲ್ಕು ಪ್ರೋಟಾನ್ ಹಾಗೂ ನಾಲ್ಕು ಎಲೆಕ್ಟ್ರಾನ್‌ಗಳನ್ನು ಪಡೆದು ಎರಡು ನೀರಿನ ಅಣುಗಳಾಗಬೇಕು. ಆಮ್ಲಜನಕದ ಈ ಅಪಕರ್ಷಣ ಕ್ರಿಯೆ ಎಷ್ಟು ನಿಧಾನವೆಂದರೆ, 1.23 ವೋಲ್ಟ್‌ಗಳ ಸೈದ್ಧಾಂತಿಕ ವಿಭವದಲ್ಲಿ ಸುಮಾರು 0.3 ವೋಲ್ಟ್ ಇದೊಂದರಲ್ಲೇ ನಷ್ಟವಾಗುತ್ತದೆ. ಪೊರೆಯು ಆಮ್ಲೀಯವಾಗಿರುವುದರಿಂದ ಹೆಚ್ಚಿನ ಲೋಹಗಳು ಅಲ್ಲಿ ಕರಗಿಹೋಗುತ್ತವೆ. ತಾಳಿಕೊಳ್ಳುವ ಕೆಲವೇ ಲೋಹಗಳಲ್ಲಿ ಹೆಚ್ಚು ಕ್ರಿಯಾಶೀಲವಾದುದು ಪ್ಲಾಟಿನಂ.

ಇತಿಹಾಸ

ವಿಲಿಯಂ ಗ್ರೋವ್ 1839ರ ಸುಮಾರಿಗೆ ನಡೆಸಿದ ಮೊದಲ ಪ್ರಯೋಗಗಳಲ್ಲೇ ಪ್ಲಾಟಿನಂ ವಿದ್ಯುದ್ವಾರಗಳಿದ್ದವು. 1965ರಲ್ಲಿ ಅಮೆರಿಕದ ಜೆಮಿನಿ ಬಾಹ್ಯಾಕಾಶ ನೌಕೆಗಳಲ್ಲಿ ಪೊರೆಯ ಇಂಧನ ಕೋಶಗಳು ಬಳಕೆಗೆ ಬಂದಾಗ ವೆಚ್ಚ ದೊಡ್ಡ ಪ್ರಶ್ನೆಯಾಗಿರಲಿಲ್ಲ. 1980ರ ದಶಕದಲ್ಲಿಯೂ ಪ್ರತಿ ಚದರ ಸೆಂಟಿಮೀಟರ್‌ಗೆ ಸುಮಾರು 4 ಮಿಲಿಗ್ರಾಂ ಪ್ಲಾಟಿನಂ ಬೇಕಾಗುತ್ತಿತ್ತು. ಲಾಸ್ ಅಲಾಮೋಸ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಇಯಾನ್ ರೈಸ್ಟ್ರಿಕ್, ಸುಪ್ರಮಣಿಯಮ್ ಶ್ರೀನಿವಾಸನ್ ಮೊದಲಾದವರು ಇಂಗಾಲದ ಪುಡಿಯ ಮೇಲೆ ಪ್ಲಾಟಿನಂ ಕಣಗಳನ್ನು ಹರಡಿ, ಆ ಪದರಕ್ಕೆ ಪ್ರೋಟಾನ್ ವಾಹಕ ಪಾಲಿಮರನ್ನು ಉಣಿಸುವ ವಿಧಾನದಿಂದ ಇದನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿದರು. ಈ ಇಳಿಕೆಗೆ ಮಿಶ್ರಲೋಹ ಕಾರಣವಲ್ಲ ಎಂಬುದು ಗಮನಾರ್ಹ. ಅಲ್ಲಿಯವರೆಗೆ ಪ್ರೋಟಾನ್ ತಲುಪದೆ ನಿರುಪಯುಕ್ತವಾಗಿದ್ದ ಪ್ಲಾಟಿನಂ ಕೆಲಸಕ್ಕೆ ಬಂದಿತು, ಅಷ್ಟೆ.

ಮಿಶ್ರಲೋಹಗಳು ಮೊದಲು ಫಾಸ್ಫಾರಿಕ್ ಆಮ್ಲದ ಇಂಧನ ಕೋಶಗಳಲ್ಲಿ ಪರೀಕ್ಷೆಗೊಳಗಾದವು. 1993ರಲ್ಲಿ ಸಂಜೀವ್ ಮುಖರ್ಜಿ ಮತ್ತು ಶ್ರೀನಿವಾಸನ್ ಪೊರೆಯ ಕೋಶಗಳಲ್ಲಿ ಪ್ಲಾಟಿನಂ–ನಿಕಲ್, ಪ್ಲಾಟಿನಂ–ಕ್ರೋಮಿಯಂ ಹಾಗೂ ಪ್ಲಾಟಿನಂ–ಕೋಬಾಲ್ಟ್ ಮಿಶ್ರಲೋಹಗಳ ಮೇಲ್ಮೆಯನ್ನು ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಕೆ. ಶುಕ್ಲಾ, ಎಂ. ಎಸ್. ಹೆಗ್ಡೆ ಮತ್ತು ಸಹೋದ್ಯೋಗಿಗಳು ಮೆಥನಾಲ್ ಇಂಧನ ಕೋಶಗಳಿಗಾಗಿ ಇಂತಹ ಮಿಶ್ರಲೋಹಗಳ ಮೇಲ್ಮೈಯನ್ನು ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದರು. 2014ರಲ್ಲಿ ಮಾರುಕಟ್ಟೆಗೆ ಬಂದ ಟೊಯೋಟಾ ಮಿರಾಯ್ ಕಾರಿನ ಕ್ಯಾಥೋಡ್‌ನಲ್ಲಿ ಪ್ಲಾಟಿನಂ–ಕೋಬಾಲ್ಟ್ ಮಿಶ್ರಲೋಹವಿದೆ.

ಕಾರ್ಯವಿಧಾನ

ಶುದ್ಧ ಪ್ಲಾಟಿನಂ ಆಮ್ಲಜನಕವನ್ನು ತುಸು ಹೆಚ್ಚೇ ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಹೀಗಾಗಿ ಮೇಲ್ಮೈಯ ತಾಣಗಳು ಹೊಸ ಅಣುಗಳಿಗೆ ಬೇಗ ತೆರವಾಗುವುದಿಲ್ಲ. ಬಂಧ ತೀರ ಸಡಿಲವಾದರೂ ಕ್ರಿಯೆ ನಡೆಯದು. ಯೆನ್ಸ್ ನೋರ್ಸ್ಕೋವ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಲೆಕ್ಕಾಚಾರವು ಲೋಹಗಳನ್ನು ಬಂಧಬಲಕ್ಕೆ ತಕ್ಕಂತೆ ಜ್ವಾಲಾಮುಖಿಯ ಆಕಾರದ ನಕ್ಷೆಯೊಂದರಲ್ಲಿ ಜೋಡಿಸಿತು. ಅದರಲ್ಲಿ ಪ್ಲಾಟಿನಂ ಶಿಖರದ ಸಮೀಪವಿದ್ದರೂ ಶಿಖರದ ಮೇಲಿಲ್ಲ.

ನಿಕಲ್ ಮತ್ತು ಕೋಬಾಲ್ಟ್ ಪರಮಾಣುಗಳು ಪ್ಲಾಟಿನಂಗಿಂತ ಚಿಕ್ಕವು. ಅವು ಒಳಗೆ ಸೇರಿದಾಗ ಹೊರಪದರದ ಪ್ಲಾಟಿನಂ ಪರಮಾಣುಗಳು ಪರಸ್ಪರ ಹತ್ತಿರ ಸರಿಯುತ್ತವೆ. ಎಲೆಕ್ಟ್ರಾನ್ ರಚನೆಯೂ ಬದಲಾಗಿ ಆಮ್ಲಜನಕದೊಂದಿಗಿನ ಬಂಧ ಅಗತ್ಯವಿರುವಷ್ಟು ಸಡಿಲವಾಗುತ್ತದೆ. ಮೇಲ್ಮೈಯಲ್ಲಿರುವ ನಿಕಲ್ ಅಥವಾ ಕೋಬಾಲ್ಟ್ ಆಮ್ಲದಲ್ಲಿ ಬೇಗನೆ ಕರಗಿಹೋಗಿ ಪ್ಲಾಟಿನಂನ ತೆಳುವಾದ ಹೊರಪದರ ಮಾತ್ರ ಉಳಿಯುತ್ತದೆ. ಅಂದರೆ ವೇಗವರ್ಧನೆ ಮಾಡುವುದು ಪ್ಲಾಟಿನಂ ಪರಮಾಣುಗಳೇ. ಒಳಗಿನ ಲೋಹ ಅವುಗಳ ವರ್ತನೆಯನ್ನು ತಿದ್ದುತ್ತದೆ. ಇದರೊಂದಿಗೆ ನೇರ ಉಳಿತಾಯವೂ ಇದೆ. ಮೂರು ನ್ಯಾನೋಮೀಟರ್ ವ್ಯಾಸದ ಕಣದಲ್ಲಿ ಸುಮಾರು ಮೂರನೇ ಒಂದು ಭಾಗದ ಪರಮಾಣುಗಳು ಮಾತ್ರ ಮೇಲ್ಮೈಯಲ್ಲಿರುತ್ತವೆ. ಕಣದ ಒಡಲಿನಲ್ಲಿ ಹುದುಗಿರುವ ಪ್ಲಾಟಿನಂನ ಜಾಗವನ್ನು ಬೇರೆ ಲೋಹ ತುಂಬಬಹುದು.

ಪ್ರಯೋಗಾಲಯ ಮತ್ತು ನೈಜ ಕೋಶ

2007ರಲ್ಲಿ ವೊಯಿಸ್ಲಾವ್ ಸ್ಟಾಮೆಂಕೋವಿಚ್, ನೆನಾದ್ ಮಾರ್ಕೋವಿಚ್ ಮೊದಲಾದವರು ಮೂರು ಪ್ಲಾಟಿನಂ ಪರಮಾಣುಗಳಿಗೆ ಒಂದು ನಿಕಲ್ ಪರಮಾಣುವಿರುವ ಮಿಶ್ರಲೋಹದ ನಿರ್ದಿಷ್ಟ ಹರಳು ಮುಖವೊಂದು ಶುದ್ಧ ಪ್ಲಾಟಿನಂನ ಅದೇ ಮುಖಕ್ಕಿಂತ 10 ಪಟ್ಟು, ಬಳಕೆಯಲ್ಲಿದ್ದ ವೇಗವರ್ಧಕಕ್ಕಿಂತ 90 ಪಟ್ಟು ಕ್ರಿಯಾಶೀಲವೆಂದು ವರದಿ ಮಾಡಿದರು. ಈ 90ರ ಅಂಕಿ ಪದೇಪದೇ ಉಲ್ಲೇಖವಾಗುತ್ತದೆ. ಆದರೆ ಅದು ದೊಡ್ಡ ಒಂಟಿ ಹರಳಿನ ಮೇಲ್ಮೈಯ ಫಲಿತಾಂಶ, ಕಾರಿನ ಕೋಶದ್ದಲ್ಲ. ಅದನ್ನು ನ್ಯಾನೋಕಣಗಳಿಗೆ ತರುವ ಯತ್ನದಿಂದ ಅಷ್ಟಮುಖಿ ಕಣಗಳು ಹಾಗೂ 2014ರಲ್ಲಿ ವರದಿಯಾದ ಟೊಳ್ಳು ಚೌಕಟ್ಟಿನಂತಹ ಕಣಗಳು ರೂಪುಗೊಂಡವು. ದ್ರವದಲ್ಲಿ ತಿರುಗುವ ವಿದ್ಯುದ್ವಾರದ ಮೇಲೆ ಅತ್ಯುತ್ತಮವೆನಿಸಿದ ಇಂತಹ ಅನೇಕ ವೇಗವರ್ಧಕಗಳು ನೈಜ ಕೋಶದಲ್ಲಿ ಅದೇ ಮಟ್ಟ ಮುಟ್ಟಿಲ್ಲ.

ಇದಕ್ಕೆ ಹಲವು ಕಾರಣಗಳಿವೆ. ಕರಗಿ ಹೊರಬಂದ ಕೋಬಾಲ್ಟ್ ಅಥವಾ ನಿಕಲ್ ಅಯಾನುಗಳು ಪೊರೆಯಲ್ಲಿ ಪ್ರೋಟಾನ್‌ಗಳ ಸ್ಥಾನವನ್ನು ಆಕ್ರಮಿಸಿ ಅದರ ವಾಹಕತೆಯನ್ನು ತಗ್ಗಿಸುತ್ತವೆ. ಕಬ್ಬಿಣವಾದರೆ ಇನ್ನೂ ಅಪಾಯಕಾರಿ: ಅದರ ಅಯಾನುಗಳು ಹೈಡ್ರೋಜನ್ ಪೆರಾಕ್ಸೈಡ್ ಜೊತೆ ವರ್ತಿಸಿ ಪೊರೆಯನ್ನೇ ಕೊರೆಯುವ ರ‍್ಯಾಡಿಕಲ್‌ಗಳನ್ನು ಉಂಟುಮಾಡುತ್ತವೆ. ಪ್ಲಾಟಿನಂ ತೀರ ಕಡಿಮೆಯಾದಾಗ ಪ್ರತಿ ಕಣವೂ ಹೆಚ್ಚು ಆಮ್ಲಜನಕವನ್ನು ನಿಭಾಯಿಸಬೇಕಾಗುತ್ತದೆ. ಕಣಗಳನ್ನು ಆವರಿಸಿದ ಪಾಲಿಮರ್ ಪೊರೆಯನ್ನು ದಾಟಿ ಅಷ್ಟು ಅನಿಲ ತಲುಪುವುದು ಕಷ್ಟವಾಗಿ, ಅಧಿಕ ವಿದ್ಯುತ್ ಪ್ರವಾಹದಲ್ಲಿ ವೋಲ್ಟೇಜ್ ಕುಸಿಯುತ್ತದೆ. ಕ್ರಿಯಾಶೀಲತೆಯನ್ನು ಹೆಚ್ಚಿಸಿದ ಮಾತ್ರಕ್ಕೆ ಈ ಅಡ್ಡಿ ನಿವಾರಣೆಯಾಗುವುದಿಲ್ಲ.

ಕೋಬಾಲ್ಟ್ ಸೋರಿಕೆಯನ್ನು ತಡೆಯಲು ಎರಡೂ ಲೋಹಗಳ ಪರಮಾಣುಗಳು ಪದರಪದರವಾಗಿ ಕ್ರಮಬದ್ಧವಾಗಿರುವ ಅಂತರಲೋಹೀಯ ಸಂಯುಕ್ತಗಳನ್ನು ಬಳಸಲಾಗುತ್ತಿದೆ. ಆ ಕ್ರಮ ಮೂಡಲು ಸುಮಾರು 700 ಡಿಗ್ರಿ ಸೆಲ್ಸಿಯಸ್ ಮಟ್ಟದ ಕಾಯಿಸುವಿಕೆ ಬೇಕು. ಆದರೆ ಆ ಶಾಖದಲ್ಲಿ ಕಣಗಳು ಒಂದಕ್ಕೊಂದು ಬೆಸೆದು ದೊಡ್ಡದಾಗಿ, ಉಪಯುಕ್ತ ಮೇಲ್ಮೈ ಕುಗ್ಗುವ ಸಮಸ್ಯೆ ಎದುರಾಗುತ್ತದೆ.

ಗುರಿಗಳು

ಅಮೆರಿಕದ ಇಂಧನ ಇಲಾಖೆಯು ಲಘು ವಾಹನಗಳಿಗೆ ಎರಡೂ ವಿದ್ಯುದ್ವಾರಗಳು ಸೇರಿ ಪ್ರತಿ ಚದರ ಸೆಂಟಿಮೀಟರ್‌ಗೆ 0.125 ಮಿಲಿಗ್ರಾಂ ಪ್ಲಾಟಿನಂ ಗುಂಪಿನ ಲೋಹಗಳ ಮಿತಿಯನ್ನೂ, 0.9 ವೋಲ್ಟ್‌ನಲ್ಲಿ ಮಿಲಿಗ್ರಾಂಗೆ 0.44 ಆಂಪಿಯರ್ ಕ್ರಿಯಾಶೀಲತೆಯನ್ನೂ ಗುರಿಯಾಗಿ ನಿಗದಿಪಡಿಸಿತು. ಭಾರೀ ಸರಕು ವಾಹನಗಳ ಲೆಕ್ಕ ಬೇರೆ. ಅವುಗಳ ಕೋಶ 25,000 ಗಂಟೆ ಬಾಳಬೇಕು, ಹಾಗೂ ವಾಹನದ ಆಯುಷ್ಯದುದ್ದಕ್ಕೂ ತಗಲುವ ಜಲಜನಕದ ವೆಚ್ಚ ವೇಗವರ್ಧಕದ ವೆಚ್ಚವನ್ನು ಮೀರಿಸುತ್ತದೆ. ಆದ್ದರಿಂದ ಅಲ್ಲಿ 0.3 ಮಿಲಿಗ್ರಾಂವರೆಗೆ ಅವಕಾಶವಿದ್ದು, ಆರಂಭದ ಕ್ರಿಯಾಶೀಲತೆಗಿಂತ ದೀರ್ಘ ಬಳಕೆಯ ನಂತರ ಉಳಿಯುವ ಶಕ್ತಿ ಎಷ್ಟು ಎಂಬುದೇ ಅಳತೆಗೋಲಾಗಿದೆ.