ಸುಣ್ಣ ಕಂಡ ಗೋಡೆ, ಸುಣ್ಣ ಕಾಣದ ಗೋಡೆ

ಚಿತ್ರದುರ್ಗದ ಏಳುಸುತ್ತಿನ ಕೋಟೆಯನ್ನು ಸಮೀಪದಿಂದ ಪರಿಶೀಲಿಸುವವನಿಗೆ ಮೊದಲು ಗೋಚರಿಸುವ ವಿಶೇಷವೆಂದರೆ, ಕಣಶಿಲೆಯನ್ನು ಬೆಣೆಯಿಟ್ಟು ಸೀಳಿ, ಒಂದರ ಅಂಚಿಗೆ ಇನ್ನೊಂದು ಕೂಡುವಂತೆ ಕೆತ್ತಿ ಪೇರಿಸಿದ ಆ ಗೋಡೆಗಳ ಸಂದುಗಳಲ್ಲಿ ಬಹುಮಟ್ಟಿಗೆ ಗಾರೆಯೇ ಇಲ್ಲದಿರುವುದು. ಸುಣ್ಣಕಲ್ಲಿಗೆ ಈ ಸೀಮೆಯಲ್ಲಿ ದಾರಿದ್ರ್ಯವಿತ್ತೆಂದಲ್ಲ. ಹೊಸದುರ್ಗ ತಾಲ್ಲೂಕಿನ ಮತ್ತೋಡು, ಹಿರಿಯೂರಿನ ಮಾರಿಕಣಿವೆ ಮುಂತಾದೆಡೆಗಳಲ್ಲಿ ಅದರ ಪದರಗಳು ನೆಲದ ಮೇಲಕ್ಕೇ ಎದ್ದು ಕಾಣುತ್ತವೆ. ಭೂವಿಜ್ಞಾನಿಗಳು ಈ ಶಿಲಾವರ್ಗಕ್ಕೆ ಮಾರಿಕಣಿವೆಯ ಜಲಾಶಯದ ಇನ್ನೊಂದು ಹೆಸರಾದ ವಾಣಿವಿಲಾಸವನ್ನೇ ಇಟ್ಟಿದ್ದಾರೆ.

ಹಾಗಿದ್ದೂ ಸುಣ್ಣವನ್ನು ಜನರು ಲೋಭದಿಂದಲೇ ಬಳಸಿದರು. ಕಲ್ಲು ಅಗ್ಗ, ಸೌದೆ ತುಟ್ಟಿ. ಗೂಡಿನಲ್ಲಿ ಕಲ್ಲು, ಸೌದೆ, ಇದ್ದಿಲುಗಳನ್ನು ವರಸೆವರಸೆಯಾಗಿ ಒಟ್ಟಿ ದಿನಗಟ್ಟಲೆ ಸುಟ್ಟರೆ, ಶುದ್ಧವಾದ ಕಲ್ಲಾದರೂ 100 ಮಣಕ್ಕೆ ಉಳಿಯುವುದು 56 ಮಣ ಮಾತ್ರ, ಮಿಕ್ಕಿದ್ದು ಅನಿಲವಾಗಿ ಹಾರಿಹೋಗುತ್ತದೆ. ಆ ಸುಟ್ಟ ಸುಣ್ಣಕ್ಕೆ ನೀರೆರೆದೊಡನೆ ಅದು ಬುಸುಗುಟ್ಟಿ, ಕುದಿದು, ಅರಳಿ ಹಿಟ್ಟಾಗುತ್ತದೆ. ಬಳಿಕ ವೃತ್ತಾಕಾರದ ಕಲ್ಲಿನ ಕಾಲುವೆಯಲ್ಲಿ ಎತ್ತುಗಳು ಎಳೆಯುವ ಗುಂಡುಗಲ್ಲಿನ ಕೆಳಗೆ ಮರಳಿನೊಡನೆ ಅರೆದು ಅರೆದು ಬೆಣ್ಣೆಯಂತಾದ ಮೇಲೆ ಅದನ್ನು ಗಾರೆಯೆನ್ನುವರು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯಗಳನ್ನು ಬೆರೆಸುವುದೂ ಉಂಟು. ಇಷ್ಟೆಲ್ಲ ಶ್ರಮದ ವಸ್ತುವನ್ನು ತೋಟದ ಪೌಳಿಗೆ ಸುರಿಯುವ ಒಕ್ಕಲಿಗನು ಎಲ್ಲಿದ್ದಾನು? ಹೊಳಲ್ಕೆರೆ, ಹೊಸದುರ್ಗದ ಕಡೆಯ ತೆಂಗು ಅಡಿಕೆಯ ತೋಟಗಳಿಗೆ, ಹೊಲದಲ್ಲೇ ಹೆಕ್ಕಿದ ಕಲ್ಲುಗಳನ್ನು ಒಣಗಲ್ಲಾಗಿ ಜೋಡಿಸಿದರೆ ಸಾಕಾಗಿತ್ತು. ಮಳೆಯ ನೀರು ಸಂದಿನಿಂದ ಹರಿದುಹೋಗುವುದರಿಂದ ಅಂಥ ಗೋಡೆ ಉಬ್ಬಿ ಬೀಳುವ ಭಯವೂ ಕಡಮೆ.

ಮನೆಯ ಗೋಡೆ ಸುಣ್ಣದ ಗೋಡೆಗೂ ಸುಣ್ಣವಿಲ್ಲದ ಗೋಡೆಗೂ ನಡುವಿನದು. ಒಳಗೆ ಕಲ್ಲುಮಣ್ಣು, ಮಾಳಿಗೆಯ ಮೇಲೆ ಕರಲುಮಣ್ಣು, ಸುಣ್ಣವು ಹೊರಮೈಗೆ ಮಾತ್ರ. ಹಬ್ಬಕ್ಕೆ ಮುಂಚೆ ಬಳಿಯುವ ಬಿಳಿಯ ಲೇಪ, ಕೆಳಗೆ ಕೆಮ್ಮಣ್ಣಿನ ಪಟ್ಟಿ. ಮಣ್ಣನ್ನು ಕೀಳೆಂದು ಭಾವಿಸಬೇಕಾಗಿಲ್ಲ: ದುರ್ಗದ ಮೇಲಿನ ಅರಮನೆಯ ಪಾಳುಗೋಡೆಗಳು, 1779ರಲ್ಲಿ ಹೈದರಾಲಿಗೆ ಕೋಟೆ ಕೈವಶವಾದ ನಂತರವೂ, ಎತ್ತರದ ಮಣ್ಣುಗೋಡೆಗಳಾಗಿಯೇ ನಿಂತಿವೆ.

ಸುಣ್ಣವನ್ನು ಧಾರಾಳವಾಗಿ ಸುರಿದ ಗೋಡೆಯೊಂದು ಈ ಜಿಲ್ಲೆಯಲ್ಲಿ ಇದ್ದೇ ಇದೆ. ಅದು ನೀರನ್ನು ತಡೆಯಬೇಕಾದ ಗೋಡೆ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಮಾರಿಕಣಿವೆಯ ಅಣೆಕಟ್ಟನ್ನು ಸಿಮೆಂಟಿನ ನೆರವಿಲ್ಲದೆ ಕಲ್ಲು, ಸುಣ್ಣ ಮತ್ತು ಇಟ್ಟಿಗೆಪುಡಿಯಾದ ಸುರ್ಕಿಯಿಂದಲೇ ಕಟ್ಟಿದರು. ಬರಿಯ ಸುಣ್ಣವು ಗಾಳಿಯಿಂದ ಗಟ್ಟಿಯಾಗುವುದಾದರೆ, ಸುರ್ಕಿ ಬೆರೆತ ಗಾರೆಯು ನೀರೊಳಗೂ ಗಟ್ಟಿಯಾಗುತ್ತದೆಂಬುದೇ ಅದರ ರಹಸ್ಯ. ಜಲಾಶಯವು 1933ರಲ್ಲಿ ತುಂಬಿ ಕೋಡಿ ಹರಿದಿತ್ತು. ಪುನಃ ಕೋಡಿ ಬಿದ್ದದ್ದು 2022ರಲ್ಲಿ, ಗೋಡೆ ಆಗಲೂ ನೀರನ್ನು ಹಿಡಿದು ನಿಂತಿತು.

ಸಿಮೆಂಟು ಸುಲಭವಾದ ಮೇಲೆ ಸುಣ್ಣದ ಗಾಣಗಳು ನಿಂತವು, ಅದಕ್ಕೆ ವ್ಯಸನಪಡುವುದು ವ್ಯರ್ಥ. ಆದರೆ ಹಳೆಯ ಮಣ್ಣುಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸುವವರ ಅವಸರ ನನಗೆ ಒಪ್ಪಿಗೆಯಿಲ್ಲ: ನೆಲದಿಂದೇರಿದ ತೇವವು ಸುಣ್ಣದ ಲೇಪದ ಮೂಲಕ ಆರಿಹೋಗುತ್ತಿತ್ತು, ಈಗ ಅದು ಗಿಲಾವಿನ ಹಿಂದೆ ಸಿಕ್ಕಿಕೊಂಡು ಮಣ್ಣನ್ನು ಮೆತ್ತಗೆ ಮಾಡುತ್ತದೆ, ಕೆಲವು ಮಳೆಗಾಲಗಳು ಕಳೆದರೆ ಗಿಲಾವು ಹಪ್ಪಳ ಹಪ್ಪಳವಾಗಿ ಉದುರುತ್ತದೆ.