ಕುಂದಗೋಳದ ರೈಲು: ವಯಸ್ಕರ ಕಲಿಕೆಯ ಅಧ್ಯಯನದಲ್ಲಿ ಜೀವನಕಥನ ವಿಧಾನ

ಧಾರವಾಡದ ಹಳ್ಳಿಗಳಲ್ಲಿ ‘ಎಷ್ಟು ಕಲ್ತೀರಿ?’ ಎಂದರೆ ಎಷ್ಟನೆಯ ಇಯತ್ತೆಯವರೆಗೆ ಎಂದೇ ಅರ್ಥ. ಹಾಗೆ ಕೇಳಿದರೆ ನವಲಗುಂದದಲ್ಲಿ ಜಮಖಾನ ನೇಯುವ ಹೆಣ್ಣುಮಗಳೂ ‘ಸಾಲಿ ಕಲ್ತಿಲ್ರಿ’ ಎಂದುಬಿಡಬಹುದು. ಎಳೆಯ ಲೆಕ್ಕವಾಗಲಿ, ಬಣ್ಣದ ಹೊಂದಿಕೆಯಾಗಲಿ ಆ ಉತ್ತರದಲ್ಲಿ ಕಾಣುವುದಿಲ್ಲ. ಆದ್ದರಿಂದ ವಯಸ್ಕರ ಕಲಿಕೆಯ ಅಧ್ಯಯನ ಶಾಲೆಯಿಂದಲ್ಲ, ಬದುಕಿನ ಕಥನದಿಂದ ಹೊರಡಬೇಕು ಎಂಬುದು ಈ ಲೇಖನದ ವಾದ.

ಸಮಾಜಶಾಸ್ತ್ರಜ್ಞರಾದ ತಾಮಸ್ ಮತ್ತು ಜ್ನಾನಿಯೆಟ್ಸ್ಕಿ ಪೋಲೆಂಡಿನ ರೈತರ ಪತ್ರ, ಆತ್ಮಕಥನಗಳನ್ನು ಆಕರವಾಗಿಸಿ 1918–20ರಲ್ಲಿ ಈ ಮಾರ್ಗ ತೆರೆದರು. 1970ರ ದಶಕದಲ್ಲಿ ಜರ್ಮನಿಯ ಫ್ರಿಟ್ಸ್ ಶುಟ್ಸೆ ಸಂದರ್ಶನಕ್ಕೊಂದು ಕ್ರಮ ಹಾಕಿಕೊಟ್ಟರು: ಕೇಳುವುದು ಒಂದೇ ಪ್ರಶ್ನೆ, ಕಥನ ಮುಗಿಯುವವರೆಗೆ ನಡುವೆ ಬಾಯಿ ಹಾಕುವಂತಿಲ್ಲ, ಬಿಟ್ಟುಹೋದುದರ ವಿಚಾರಣೆ ಆಮೇಲೆ. ನಮ್ಮ ಕಡೆ ಆ ಪ್ರಶ್ನೆ ‘ನಿಮ್ಮ ಜೀವನಾ ಹ್ಯಾಂಗ ನಡಕೋತ ಬಂತು, ಮೊದಲಿಂದ ಹೇಳ್ರಿ’ ಎಂದಾಗಬೇಕು.

ಈ ಬಗೆಯ ಓದಿಗೆ ಹಿಂದುಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ (1913–2009) ಬದುಕು ಸಮೃದ್ಧ ಆಕರ. 1930ರ ದಶಕದ ಕೊನೆಯಲ್ಲಿ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಗಾಯಕ ಸವಾಯಿ ಗಂಧರ್ವರ ಬಳಿ ಸುಮಾರು ಮೂರು ವರ್ಷ ಕಲಿತರು. ಪರಿಚಯ ಗ್ರಂಥಗಳಲ್ಲಿ ಇದು ಒಂದು ಸಾಲಿನ ಸಂಗತಿ. ಜೀವನಕಥನವಾಗಿ ಓದಿದಾಗ ಅದರ ಒಳಪದರಗಳು ತೆರೆದುಕೊಳ್ಳುತ್ತವೆ. ಆಗ ಅವರು ಮಕ್ಕಳ ತಾಯಿ. ಗ್ರಾಮಫೋನಿಗೆ ಆಗಲೇ ಹಾಡಿದ್ದ ಗಾಯಕಿ. ಹೆಸರು ಬಂದ ಮೇಲೂ ಒಂದೊಂದೇ ಸ್ವರಗುಚ್ಛವನ್ನು ಮತ್ತೆ ಮತ್ತೆ ತಿದ್ದಿಸಿಕೊಳ್ಳಲು ಕೂತರು. ಇದರ ಹಿಂದೆ ಇನ್ನೊಬ್ಬರ ತ್ಯಾಗವಿದೆ: ಮಗಳ ಹಿಂದುಸ್ತಾನಿ ಅಭ್ಯಾಸಕ್ಕೆ ತೊಡಕಾಗಬಾರದೆಂದು ತಾಯಿ ಅಂಬಾಬಾಯಿ ತಮ್ಮ ಕರ್ನಾಟಕ ಸಂಗೀತವನ್ನು ಬದಿಗಿಟ್ಟಿದ್ದರು. ಎಳವೆಯಲ್ಲಿ ಬೀದಿಯಲ್ಲಿ ಕೇಳಿದ ಜಾತಿಯ ಮೂದಲಿಕೆಯೂ ಈ ಕಲಿಕೆಯ ಚರಿತ್ರೆಯೊಳಗೇ ಬರುತ್ತದೆ. ವಯಸ್ಕರ ಕಲಿಕೆ ಒಬ್ಬರ ಸಾಧನೆಯಾಗಿ ಕಂಡರೂ ಅದರ ಭಾರ ಹೊತ್ತವರು ಹಲವರು.

ಕಥನವನ್ನು ಹಾಗೇ ನಂಬಬೇಕೆಂದಲ್ಲ. ‘ನನ್ನ ಬದುಕಿನ ಹಾಡು’ ಗಂಗೂಬಾಯಿಯವರು ಹೇಳಿದ, ಎನ್.ಕೆ. ಕುಲಕರ್ಣಿಯವರು ಬರೆದ ಕೃತಿ. ಅಲ್ಲಿ ನೆನಪಿನ ಜೊತೆ ಬರೆದವರ ಕೈಯೂ ಇದೆ. ಕೀರ್ತಿ ಬಂದ ಮೇಲೆ ನೆನೆದ ಕಷ್ಟಕ್ಕೆ ಬೇರೆಯೇ ಬಣ್ಣ. ಬಾಳಿದ ಬದುಕು, ಹೇಳಿದ ಬದುಕು ಎರಡನ್ನೂ ಬೇರೆ ಬೇರೆಯಾಗಿ ಕಟ್ಟಿ, ಆಮೇಲೆ ಎದುರುಬದುರು ಇಟ್ಟು ನೋಡಬೇಕೆಂಬ ಸಮಾಜಶಾಸ್ತ್ರಜ್ಞೆ ಗೇಬ್ರಿಯೆಲ್ ರೋಸೆಂತಾಲ್ ಅವರ ಎಚ್ಚರ ಇಲ್ಲಿ ಅಗತ್ಯ. ಹೆಸರಿಲ್ಲದವರ ಕಥನಕ್ಕೆ ಇನ್ನೂ ಎರಡು ನಿಯಮಗಳು ಸೇರಬೇಕು: ಅವರ ಮಾತನ್ನು ಅವರ ನುಡಿಯಲ್ಲೇ ದಾಖಲಿಸುವುದು, ಬರೆದದ್ದನ್ನು ಅವರಿಗೇ ಓದಿ ಹೇಳಿ ಒಪ್ಪಿಗೆ ಪಡೆಯುವುದು.

ಪ್ರಾಥಮಿಕ ಶಾಲೆಗೇ ಓದು ಮುಗಿಸಿದ ಗಂಗೂಬಾಯಿ ಮುಂದೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತದ ಗೌರವ ಪ್ರಾಧ್ಯಾಪಕರಾದರು. ‘ಎಷ್ಟು ಕಲ್ತೀರಿ?’ ಎಂಬ ಪ್ರಶ್ನೆಗೆ ಅವರ ಉತ್ತರವೂ ಕೆಲವೇ ಇಯತ್ತೆಗಳಲ್ಲಿ ಮುಗಿಯುತ್ತಿತ್ತು.