ಅಂಕಣ ಎಂದರೆ ಎಷ್ಟು ಅಡಿ?

ಕಳೆದ ಮಳೆಗಾಲದಲ್ಲಿ ಒಂದು ಅನುವಾದದ ಕೆಲಸ ಬಂತು. ಮನೆಯ ನಕ್ಷೆ ಬರೆಯುವ ತಂತ್ರಾಂಶವೊಂದರ ಸಹಾಯ ಪುಟಗಳನ್ನು ಕನ್ನಡಕ್ಕೆ ತರಬೇಕಿತ್ತು. ಗೋಡೆ ಎಳೆಯುವುದು ಹೇಗೆ, ಅಳತೆ ತಪ್ಪಾಗಿ ಕಂಡರೆ ಏನು ಮಾಡಬೇಕು, ಕೋಣೆಗೆ ನೆಲ ಮೂಡದಿದ್ದರೆ ಎಲ್ಲಿ ಹುಡುಕಬೇಕು, ಇಂಥ ಪ್ರಶ್ನೋತ್ತರಗಳು. ಬಳಸದೆ ಇರುವುದನ್ನು ಅನುವಾದಿಸಬಾರದು ಎಂಬುದು ನಾನು ಹಾಕಿಕೊಂಡ ನಿಯಮ. ಬಿಬವೇವಾಡಿಯ ಬಾಡಿಗೆ ಫ್ಲ್ಯಾಟಿನಲ್ಲಿ ಕೂತು ತಂತ್ರಾಂಶವನ್ನು ತೆರೆದೆ. ಯಾವ ಮನೆ ಬರೆಯುವುದು? ಊರಿನ ಮನೆಯನ್ನೇ ಬರೆಯೋಣ ಅನ್ನಿಸಿತು.

ಆ ಮನೆ ಈಗ ಇಲ್ಲ. ಅಥಣಿ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಯ ಊರು ನಮ್ಮದು. 2019ರ ಆಗಸ್ಟಿನಲ್ಲಿ ಹೊಳೆ ಊರೊಳಗೆ ಬಂದು ನಿಂತಾಗ ಮಣ್ಣಿನ ಗೋಡೆಗಳು ಬುಡದಿಂದ ನೆನೆದು ಕೂತವು. ಸಂಪೂರ್ಣ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ಹೊಸ ಮನೆ ಎದ್ದಿತು. ಹಳೆಯದರ ಒಂದು ನಕ್ಷೆಯಾಗಲಿ, ಒಳಗಿನ ಸರಿಯಾದ ಒಂದು ಫೋಟೋ ಆಗಲಿ ನಮ್ಮಲ್ಲಿರಲಿಲ್ಲ. ಮದುವೆಯ ಆಲ್ಬಮ್ಮಿನಲ್ಲಿ ಜನರ ಬೆನ್ನ ಹಿಂದೆ ಎರಡು ಕಂಬ, ಒಂದು ಮಾಡ ಕಾಣುತ್ತವೆ, ಅಷ್ಟೆ.

ಅಪ್ಪನಿಗೆ ಫೋನು ಮಾಡಿ, "ಹಳೇ ಮನಿ ಎಷ್ಟ ಫೂಟ ಇತ್ತಪಾ?" ಅಂತ ಕೇಳಿದೆ.

"ಫೂಟ ಹಿಡದ ಯಾರ ಅಳದಾರ? ಏಳ ಅಂಕಣದ ಮನಿ ಅದು."

ತಂತ್ರಾಂಶದ ಅಳತೆಯ ಪಟ್ಟಿಯಲ್ಲಿ ಮಿಲಿಮೀಟರು, ಸೆಂಟಿಮೀಟರು, ಮೀಟರು, ಅಡಿ, ಇಂಚು ಇದ್ದವು. ಅಂಕಣ ಇರಲಿಲ್ಲ.

ಕಂಬದಿಂದ ಕಂಬಕ್ಕೆ

ಪತ್ರಿಕೆ ಓದುವ ನಮಗೆ ಅಂಕಣವೆಂದರೆ ವಾರಕ್ಕೊಮ್ಮೆ ಬರುವ ಬರಹ. ಆ ಅರ್ಥಕ್ಕೂ ಮೊದಲಿನದು ಮನೆಯ ಅಂಕಣ, ಅಂದರೆ ಎರಡು ಕಂಬಸಾಲುಗಳ ಅಥವಾ ಎರಡು ತೊಲೆಗಳ ನಡುವಿನ ಜಾಗ. ಅದರ ಅಗಲವನ್ನು ನಿರ್ಧರಿಸುತ್ತಿದ್ದದ್ದು ಕಟ್ಟಿಗೆ. ತೊಲೆಯಿಂದ ತೊಲೆಗೆ ಜಂತಿ ಎಷ್ಟು ದೂರ ಚಾಚಿ ಮೇಲಿನ ಮಣ್ಣಿನ ಮಾಳಿಗೆಯ ಭಾರವನ್ನು ಬಾಗದೆ ಹೊರಬಲ್ಲದೋ ಅಷ್ಟೇ ಒಂದು ಅಂಕಣ. ಒಳ್ಳೆಯ ಮರ ಸಿಕ್ಕುವಲ್ಲಿ ಅದು ಹಿಗ್ಗುತ್ತಿತ್ತು, ಬೇವು ಜಾಲಿಯ ಬಯಲುಸೀಮೆಯಲ್ಲಿ ಕುಗ್ಗುತ್ತಿತ್ತು.

ಪುಣೆಯ ಹಳೆಯ ವಾಡೆಗಳನ್ನು ಮರಾಠಿಯಲ್ಲಿ ಎಣಿಸುವುದೂ ಹೀಗೆಯೇ. ಅಲ್ಲಿನ ಮಾತು ಖಣ. ಎರಡು ಖಣದ ಖೋಲಿ ಎಂದರೆ ಕಂಬಗಳ ಎರಡು ಸಂದು ಹಿಡಿದ ಕೋಣೆ. ತೆಲುಗಿನಲ್ಲಿ ಅಂಕಣಂ ನೆಲದ ಅಳತೆಯೇ ಆಗಿಬಿಟ್ಟಿದೆ: ನೆಲ್ಲೂರಿನ ಕಡೆ 72 ಚದರಡಿ, ತಿರುಪತಿಯ ಕಡೆ 36. ಒಂದೇ ಮಾತು, ನೂರೈವತ್ತು ಕಿಲೋಮೀಟರಿನೊಳಗೆ ಅಳತೆ ಅರ್ಧಕ್ಕರ್ಧ. ಇದನ್ನು ತಪ್ಪು ಎನ್ನುವಂತಿಲ್ಲ. ಒಂದೊಂದು ಕಡೆ ಒಂದೊಂದು ಲೆಕ್ಕಕ್ಕೆ ಅದು ಗಟ್ಟಿಯಾಗಿದೆ, ಅಷ್ಟೆ.

ಹಾಗಾದರೆ ನಮ್ಮ ಮನೆಯ ಅಂಕಣ ಎಷ್ಟು? ಅಪ್ಪ ತುಸು ಹೊತ್ತು ಸುಮ್ಮನಿದ್ದು ಹೇಳಿದರು: "ಹೊರಸು ಹಾಕಿದ್ರ ಕಾಲ ಕಡೆ ಒಂದ ಗೇಣ ಉಳೀತಿತ್ತ ನೋಡವಾ." ಆ ಹೊರಸು ಇನ್ನೂ ಇದೆ, 6 ಅಡಿ ಉದ್ದ. ಗೇಣು ಸುಮಾರು 9 ಇಂಚು. ಅಂಕಣ 6 ಅಡಿ 9 ಇಂಚು, ಏಳು ಅಂಕಣಕ್ಕೆ 47 ಅಡಿ 3 ಇಂಚು. ಎರಡೂ ತುದಿಗೆ ಎರಡೆರಡು ಅಡಿಯ ಗೋಡೆ ಸೇರಿಸಿದರೆ 51 ಅಡಿ ದಾಟುತ್ತದೆ. ಮನೆಯ ಉದ್ದ ನನಗೆ ಮೊದಲ ಸಲ ಅಂಕಿಯಲ್ಲಿ ಸಿಕ್ಕಿತು.

ಇಲ್ಲೇ ಸಹಾಯ ಪುಟಗಳ ಮೊದಲ ಸಲಹೆಯೂ ಇದೆ: ಗೋಡೆಯನ್ನು ಯಾವ ಗೆರೆಯಿಂದ ಅಳೆಯುತ್ತಿದ್ದೀರಿ ಎಂದು ನೋಡಿಕೊಳ್ಳಿ, ಒಳಮೈಯೋ ಹೊರಮೈಯೋ ನಡುಗೆರೆಯೋ. ಆರಿಂಚಿನ ಗೋಡೆಯಲ್ಲಿ ಈ ವ್ಯತ್ಯಾಸ ಸಣ್ಣದು. ಎರಡಡಿಯ ಮಣ್ಣಿನ ಗೋಡೆಯಲ್ಲಿ ಸಣ್ಣದಲ್ಲ. ಹೊರಗೆ 30×40 ಇರುವ ಮನೆ 1200 ಚದರಡಿ. ಒಳಗೆ 26×36, ಅಂದರೆ 936. 264 ಚದರಡಿಯನ್ನು ಗೋಡೆಯೇ ನುಂಗಿತು. 2016ರ ರಿಯಲ್ ಎಸ್ಟೇಟ್ ಕಾಯ್ದೆ 'ಕಾರ್ಪೆಟ್ ಏರಿಯಾ'ವನ್ನು ವ್ಯಾಖ್ಯಾನಿಸಿ, ಹೊರಗೋಡೆಯನ್ನು ಬಿಟ್ಟು ಒಳಗಿನ ಅಡ್ಡಗೋಡೆಗಳನ್ನು ಸೇರಿಸಿ ಎಂದದ್ದು ಇದೇ ಗೊಂದಲಕ್ಕೆ.

ಹಗ್ಗ, ಸುಣ್ಣ, ಶೇಷ

ಕಾಗದಕ್ಕೆ ಮುಂಚೆ ನಕ್ಷೆ ನೆಲದ ಮೇಲೇ ಬರುತ್ತಿತ್ತು. ಗೂಟ ಬಡಿದು, ಹಗ್ಗ ಎಳೆದು, ಸುಣ್ಣದ ಪುಡಿ ಉದುರಿಸಿದರೆ ಅದೇ ಒಂದಕ್ಕೊಂದರ ಪ್ರಮಾಣದ ಚಿತ್ರ. ಮೇಸ್ತ್ರಿ ಅದರೊಳಗೆ ನಡೆದಾಡಿ ತಪ್ಪು ಹಿಡಿಯುತ್ತಿದ್ದ.

ಅಳತೆಯನ್ನು ಅಂತಿಮಗೊಳಿಸುವ ಮುನ್ನ 'ಆಯ' ನೋಡುತ್ತಿದ್ದರು, ಈಗಲೂ ನೋಡುತ್ತಾರೆ. ಒಂದು ಪದ್ಧತಿಯಲ್ಲಿ ಉದ್ದ ಅಗಲಗಳನ್ನು ಗುಣಿಸಿ, 9ರಿಂದ ಹೆಚ್ಚಿಸಿ, 8ರಿಂದ ಭಾಗಿಸುತ್ತಾರೆ. ಶೇಷ 1 ಧ್ವಜ, 3 ಸಿಂಹ, 5 ವೃಷಭ, 7 ಗಜ, ಇವು ಶುಭ. 2, 4, 6 ಮತ್ತು ಸೊನ್ನೆ ಬೇಡ. (9ರಿಂದ ಗುಣಿಸಿದರೂ ಬಿಟ್ಟರೂ 8ರ ಶೇಷ ಬದಲಾಗದು, ಪರೀಕ್ಷಿಸಿ ನೋಡಿ.) ಬೆಂಗಳೂರಿನಲ್ಲಿ ಎಲ್ಲರ ಬಾಯಲ್ಲಿರುವ 30×40ನ್ನು ಹಾಗೇ ಹಾಕಿದರೆ ಶೇಷ ಸೊನ್ನೆ, ಕಾಕಾಯ. 25×33 ಹಾಕಿದರೆ 825, ಶೇಷ 1, ಧ್ವಜಾಯ. ಹಳೆಯ ಮನೆಗಳ ಹೊರ ಅಳತೆ ಯಾಕೆ ಹೀಗೆ ಬೆಸಬೆಸವಾಗಿರುತ್ತದೆ ಎಂಬುದಕ್ಕೆ ಒಂದು ಕಾರಣ ಇದು.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಈ ಲೆಕ್ಕ ಮಾಡಿ ಕಟ್ಟಿದ ಮನೆಯನ್ನು ಪರದೆಗೆ ತರುವಾಗ ಜಾಗ್ರತೆ. ಮೀಟರಿನಲ್ಲಿ ಬರೆದು, ತಂತ್ರಾಂಶ ಎರಡು ದಶಾಂಶಕ್ಕೆ ಮೊಟಕುಗೊಳಿಸಿ, ಮತ್ತೆ ಅಡಿಗೆ ತಂದರೆ ಮನೆಯ ಆಯವೇ ಬೇರೆಯಾಗಿರುತ್ತದೆ. ಹಿರಿಯರಿಗೆ ತೋರಿಸಿದಾಗ ಜಗಳ ಹುಟ್ಟುವುದು ಇಲ್ಲಿಂದ.

ನೀಲಿ ಕಾಗದ

1842ರಲ್ಲಿ ಇಂಗ್ಲೆಂಡಿನ ಜಾನ್ ಹರ್ಷೆಲ್ ಸಯನೋಟೈಪ್ ಎಂಬ ಮುದ್ರಣ ವಿಧಾನವನ್ನು ಕಂಡುಹಿಡಿದ. ಕಬ್ಬಿಣದ ಲವಣ ಸವರಿದ ಕಾಗದಕ್ಕೆ ಬಿಸಿಲು ತಾಗಿದಲ್ಲಿ ನೀಲಿ, ಗೆರೆಯ ನೆರಳು ಬಿದ್ದಲ್ಲಿ ಬಿಳಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಎಂಜಿನಿಯರುಗಳು ನಕ್ಷೆಯ ಪ್ರತಿ ತೆಗೆಯಲು ಇದನ್ನೇ ಹಿಡಿದರು. ಮುಂದೆ ಅಮೋನಿಯಾ ಪ್ರಿಂಟು ಬಂದು ಗೆರೆ ನೀಲಿ, ಹಿನ್ನೆಲೆ ಬಿಳಿಯಾಯಿತು. ಈಗ ಎರಡೂ ಇಲ್ಲ. ಕನ್ನಡದಲ್ಲಿ ಮಾತ್ರ 'ನೀಲನಕ್ಷೆ' ಉಳಿದು, ಸರ್ಕಾರದ ಯೋಜನೆಗೂ ಕಳ್ಳರ ಸಂಚಿಗೂ ಒದಗುತ್ತಿದೆ.

ಪುಣೆಗೆ ನಕ್ಷೆಯ ಅವಸರ ಬಂದದ್ದು 1961ರ ಜುಲೈ 12ರಂದು. ಪಾನ್‌ಶೇತ್ ಅಣೆಕಟ್ಟು ಒಡೆದು ಮುಠಾ ನದಿ ಹಳೆಯ ಪೇಟೆಗಳಿಗೆ ನುಗ್ಗಿತು. ಖಣ ಖಣವಾಗಿ ನಿಂತಿದ್ದ ವಾಡೆಗಳು ಬಿದ್ದವು. ಮನೆ ಕಳೆದುಕೊಂಡವರಿಗಾಗಿ ಹೊಸ ಬಡಾವಣೆಗಳು ಎದ್ದವು, ನಗರ ಹೊರಕ್ಕೆ ಚಾಚಿತು. ಕಂಬ ತೊಲೆಗಳ ಲೆಕ್ಕದಲ್ಲಿ ಬದುಕಿದ್ದ ಜನ ಗೋಡೆಗಳ ಲೆಕ್ಕದ ಮನೆಗೆ ಬಂದರು. ಅಥಣಿಯ ಕಡೆ 2019ರಲ್ಲಿ ಆದದ್ದೂ ಇದೇ, 58 ವರ್ಷ ತಡವಾಗಿ.

ಕಾಗದ ಕೊಟ್ಟ ಹೊಸ ಗುಣ ಸ್ಕೇಲು. ಕಾಲು ಇಂಚಿಗೆ ಒಂದು ಅಡಿ ಎಂದರೆ 1:48. ಮೆಟ್ರಿಕ್ ಬಂದ ಮೇಲೆ 1:100 ರೂಢಿಯಾಯಿತು. ಹಾಗೆಯೇ ಹೊಸ ತಪ್ಪೂ ಬಂತು: ಜೆರಾಕ್ಸಿನಲ್ಲಿ ಕುಗ್ಗಿಸಿದ ನಕ್ಷೆಯ ಮೇಲೂ 1:100 ಎಂದೇ ಬರೆದಿರುತ್ತದೆ. ಇವತ್ತು ಪ್ರಿಂಟರಿಗೆ 'ಪುಟಕ್ಕೆ ಹೊಂದಿಸು' ಎಂದಾಗಲೂ ಆಗುವುದು ಅದೇ. ನಕ್ಷೆಯ ಮೂಲೆಯಲ್ಲಿ ಹತ್ತು ಅಡಿ ತೋರಿಸುವ ಒಂದು ಪಟ್ಟಿ ಎಳೆದಿಡಿ. ನಕ್ಷೆ ಕುಗ್ಗಿದರೆ ಪಟ್ಟಿಯೂ ಅದರ ಜೊತೆಗೇ ಕುಗ್ಗುತ್ತದೆ, ಅಳತೆ ಕೆಡುವುದಿಲ್ಲ.

ಪರದೆಯ ಮೇಲೆ

1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲೆಂಡ್ ತನ್ನ ಪಿಎಚ್‌ಡಿಗಾಗಿ ಸ್ಕೆಚ್‌ಪ್ಯಾಡ್ ಮಾಡಿದ. ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ಸೊಟ್ಟ ಗೆರೆ ಎಳೆದು, ಇವೆರಡು ಸಮಾನಾಂತರವಾಗಲಿ ಎಂದರೆ ಯಂತ್ರ ತಿದ್ದುತ್ತಿತ್ತು. 1982ರಲ್ಲಿ ಆಟೋಕ್ಯಾಡ್ ಬಂದು ಅದೇ ಬಗೆಯ ಕೆಲಸವನ್ನು ಮೇಜಿನ ಮೇಲಿನ ಸಣ್ಣ ಕಂಪ್ಯೂಟರಿಗೆ ತಂದಿತು. 2000ದಲ್ಲಿ ಸ್ಕೆಚ್‌ಅಪ್, 2006ರಲ್ಲಿ ಉಚಿತವಾದ ಸ್ವೀಟ್ ಹೋಮ್ 3ಡಿ ಬಂದವು. ವಾಸ್ತುಶಿಲ್ಪಿಯಲ್ಲದವರೂ ಮನೆ ಬರೆಯುವ ಕಾಲ ಶುರುವಾಯಿತು.

ಆಟೋಕ್ಯಾಡ್ ಒಂದು ತೀರ್ಮಾನ ಮಾಡಿತ್ತು: ಗೆರೆಯ ಉದ್ದ ಕೇವಲ ಸಂಖ್ಯೆ. ಅದು ಇಂಚೋ ಮಿಲಿಮೀಟರೋ ಬರೆಯುವವನ ಮನಸ್ಸಿನಲ್ಲಿರುತ್ತದೆ. ಹಾಗಾಗಿ ಒಬ್ಬರು ಅಡಿಯೆಂದು ಬರೆದ 30, ಇನ್ನೊಬ್ಬರ ಕಂಪ್ಯೂಟರಿನಲ್ಲಿ 30 ಮಿಲಿಮೀಟರಾಗಿ ತೆರೆದುಕೊಳ್ಳಬಹುದು. ಮನೆ ಕಾಣೆಯಾಗಿದೆ ಎಂದು ಗಾಬರಿಯಾಗಬೇಡಿ, ಅದು ಬೆರಳುಗುರಿನಷ್ಟಾಗಿ ಒಂದು ಮೂಲೆಯಲ್ಲಿದೆ. 304.8ರಿಂದ ಹಿಗ್ಗಿಸಿದರೆ ಸರಿಹೋಗುತ್ತದೆ. ಯಾವುದೇ ಕಡತ ತೆರೆದ ಕೂಡಲೇ ಮೊದಲು ಒಂದು ಬಾಗಿಲನ್ನು ಅಳೆಯಿರಿ. ಬಾಗಿಲು ಏಳಡಿಯ ಆಸುಪಾಸಿದ್ದರೆ ಮಿಕ್ಕದ್ದನ್ನು ನಂಬಬಹುದು.

ನನಗೆ ಹೆಚ್ಚು ಕಾಡಿದ ತೊಡಕು ಬೇರೆ. ಹೊರಗೋಡೆ ಬರೆದೆ, ಕಂಬ ನಿಲ್ಲಿಸಿದೆ, ಪಡಸಾಲೆಯನ್ನು ಕೋಣೆಯೆಂದು ಗುರುತಿಸಲು ಒತ್ತಿದೆ. ಇಡೀ ಮನೆಯೇ ಒಂದು ಕೋಣೆಯೆಂದು ತುಂಬಿಕೊಂಡಿತು. ನಾನೇ ಅನುವಾದಿಸಿದ ಉತ್ತರ ಹೀಗಿತ್ತು: 'ಗೋಡೆಗಳು ಎಲ್ಲೋ ಕೂಡಿಲ್ಲ, ಬಿರುಕು ಹುಡುಕಿ ಮುಚ್ಚಿ.' ಆದರೆ ನಮ್ಮ ಮನೆಯಲ್ಲಿ ಮುಚ್ಚಲು ಗೋಡೆಯೇ ಇರಲಿಲ್ಲ. ತಂತ್ರಾಂಶಕ್ಕೆ ಕೋಣೆಯೆಂದರೆ ಗೋಡೆ ಸುತ್ತುವರಿದದ್ದು. ಅಂಕಣಕ್ಕೆ ಅದು ಬೇಕಿಲ್ಲ, ನಾಲ್ಕು ಕಂಬ ಸಾಕು. ಒಂದೇ ಸೂರಿನಡಿ ಒಂದು ಅಂಕಣ ದನಕ್ಕೆ, ಒಂದು ಜೋಳದ ಚೀಲಕ್ಕೆ, ಒಂದು ಬಾಣಂತಿಗೆ. ಬಾಣಂತಿ ಎದ್ದ ಮೇಲೆ ಅದೇ ಅಂಕಣ ಬೀಜದ ಶೇಂಗಾಕ್ಕೆ. ಕೊನೆಗೆ ತಂತ್ರಾಂಶಗಳಲ್ಲಿರುವ ಹಳೆಯ ಉಪಾಯಕ್ಕೆ ಮೊರೆಹೋದೆ: ದಪ್ಪವೇ ಇಲ್ಲದಂಥ, ಕಣ್ಣಿಗೆ ಕಾಣದ ಗೆರೆಗಳನ್ನು ಕಂಬದಿಂದ ಕಂಬಕ್ಕೆ ಕೈಯಿಂದಲೇ ಎಳೆದು ಕೋಣೆ ಮಾಡಿದೆ. ನಿಮ್ಮದೂ ಕಂಬದ ಮನೆಯಾದರೆ ಗೋಡೆಯಿಂದ ಶುರುಮಾಡಬೇಡಿ. ಮೊದಲು ಕಂಬ, ಆಮೇಲೆ ತೊಲೆ, ಗೋಡೆ ಕೊನೆಗೆ.

ಜಗಲಿ ಎಲ್ಲಿದೆ?

ಕನ್ನಡ ಅಕ್ಷರಕ್ಕೂ ಪುಣೆಗೂ ಹಳೆಯ ನಂಟು. ಭಾರತೀಯ ಲಿಪಿಗಳನ್ನು ಕಂಪ್ಯೂಟರಿಗೆ ತಂದ ಜಿಸ್ಟ್ ತಂತ್ರಜ್ಞಾನ ಕಾನ್ಪುರದ ಐಐಟಿಯಲ್ಲಿ ಹುಟ್ಟಿ, ಪುಣೆಯ ಸಿಡ್ಯಾಕ್‌ನಲ್ಲಿ ಬೆಳೆಯಿತು. ಆದರೂ ಹಳೆಯ ನಕ್ಷೆ ತೆರೆದಾಗ 'ಅಡುಗೆಮನೆ' ಇರಬೇಕಾದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವಲ್ಲ, ಯೂನಿಕೋಡ್ ಹರಡುವ ಮೊದಲಿನ ಫಾಂಟುಗಳ ಫಲ ಅದು. ಆಗ ಕನ್ನಡದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕೂರಿಸಿದ್ದರು. ಕಡತ ಕೆಟ್ಟಿಲ್ಲ. ಬರೆದಾಗ ಬಳಸಿದ ಫಾಂಟನ್ನು ಹಾಕಿ, ಓದಿಕೊಂಡು, ಯೂನಿಕೋಡಿಗೆ ಪರಿವರ್ತಿಸಿ.

ಅಕ್ಷರ ಸರಿಯಾದ ಮೇಲೂ ಪದ ಉಳಿಯುತ್ತದೆ. 'ವೆರಾಂಡಾ'ಕ್ಕೆ ನಾನು 'ಜಗಲಿ' ಎಂದು ಹಾಕಿದ್ದೆ. ನಕ್ಷೆಯನ್ನು ಅಪ್ಪನಿಗೆ ಕಳಿಸಿದಾಗ ಫೋನು ಬಂತು: "ದೇವ್ರನ್ನ ಬಾಗಲದಾಗ ಯಾಕ ಕುಂಡ್ರಿಸಿದಿ?" ಮಲೆನಾಡಿನ ಜಗಲಿ ಬಂದವರು ಕೂರುವ ಜಾಗ. ನಮ್ಮ ಕಡೆ ಜಗಲಿಯ ಮೇಲೆ ದೇವರು ಕೂರುತ್ತಾನೆ, ಜನ ಕೂರುವುದು ಕಟ್ಟೆಯ ಮೇಲೆ. ಇಲ್ಲಿನ ಡೆಕ್ಕನ್ ಕಾಲೇಜು 1958ರಲ್ಲಿ ವಿಲಿಯಂ ಬ್ರೈಟ್ ಬರೆದ ಆಡುಗನ್ನಡದ ವ್ಯಾಕರಣವನ್ನು ಪ್ರಕಟಿಸಿತ್ತು. ಭಾಷಾವಿಜ್ಞಾನ ಓದುವಾಗ ಆಡುಮಾತಿನ ಬಗ್ಗೆ ಪುಟಗಟ್ಟಲೆ ಟಿಪ್ಪಣಿ ಮಾಡಿದ್ದ ನನಗೆ ಮನೆಯ ಮಾತೇ ಮರೆತಿತ್ತು. ಅನುವಾದದಲ್ಲಿ 'ವೆರಾಂಡಾ' ಎಂದೇ ಉಳಿಸಿದೆ, ಎರಡೂ ಕಡೆಯವರಿಗೆ ಅದು ಗೊತ್ತು. ನಮ್ಮ ಮನೆಯ ನಕ್ಷೆಯಲ್ಲಿ ಮಾತ್ರ 'ಕಟ್ಟಿ' ಎಂದು ತಿದ್ದಿದೆ.

ದೀಪಾವಳಿಗೆ ಊರಿಗೆ ಹೋಗುವಾಗ ದೊಡ್ಡ ಹಾಳೆಯಲ್ಲಿ ಪ್ರಿಂಟು ತೆಗೆಸಿ ಒಯ್ದೆ. ಅಪ್ಪ ಹೊಸ ಮನೆಯ ನೆಲದ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದರು. ಬೆಳಕಿಂಡಿ ತಪ್ಪಿದೆ ಎಂದರು. ನಾನು ಅದನ್ನು ನಾಲ್ಕನೆಯ ಅಂಕಣದಲ್ಲಿ ಹಾಕಿದ್ದೆ. ಅವರ ನೆನಪಿನಲ್ಲಿ ಮಧ್ಯಾಹ್ನದ ಬಿಸಿಲಕೋಲು ಅಜ್ಜಿಯ ಬೀಸುಕಲ್ಲಿನ ಮೇಲೆ ಬೀಳುತ್ತಿತ್ತು, ಬೀಸುಕಲ್ಲು ಇದ್ದದ್ದು ಐದರಲ್ಲಿ. ಅವ್ವ ಒಳಗಿನಿಂದ ಬಂದು, ಅಲ್ಲ, ಬೀಸುಕಲ್ಲನ್ನು ಆಮೇಲೆ ಸರಿಸಿದ್ದು, ತಾನು ಮದುವೆಯಾಗಿ ಬಂದಾಗ ಅದು ನಾಲ್ಕರಲ್ಲೇ ಇತ್ತು ಎಂದಳು. ವಾದ ಊಟದವರೆಗೂ ನಡೆಯಿತು. ನಾನು ಕಡತದ ಎರಡು ಪ್ರತಿ ಮಾಡಿ, ಎರಡರಲ್ಲಿ ಎರಡು ಬೆಳಕಿಂಡಿ ಇಟ್ಟಿದ್ದೇನೆ.

ನಿಮ್ಮ ಊರಿನ ಮನೆ ಇನ್ನೂ ನಿಂತಿದ್ದರೆ ಮುಂದಿನ ಸಲ ಹೋಗುವಾಗ ಒಂದು ಟೇಪು ಚೀಲದಲ್ಲಿರಲಿ. ಮೊದಲು ಒಂದು ಅಂಕಣ ಅಳೆಯಿರಿ, ಗೋಡೆಯ ದಪ್ಪ ಅಳೆಯಿರಿ, ಬೆಳಕಿಂಡಿ ಎಲ್ಲಿದೆ ಎಂದು ಬರೆದುಕೊಳ್ಳಿ. ಪ್ರತಿ ಜಾಗವನ್ನು ಮನೆಯವರು ಏನೆಂದು ಕರೆಯುತ್ತಾರೆ ಎಂದು ಕೇಳಿ, ಅದೇ ಮಾತನ್ನು ನಕ್ಷೆಯಲ್ಲಿ ಹಾಕಿ. ತಂತ್ರಾಂಶ ಯಾವುದಾದರೂ ನಡೆದೀತು.